ಸ್ಟೀಮ್ ಇಂಜಿನ್ನಿನ ಬೆಳ್ಳಿ ನಾಣ್ಯ: ಮೊದಲು ಯಾವುದು, ಆಮೇಲೆ ಯಾವುದು?

ನಿಮಗೆ ಬೆಳ್ಳಿ ಬೇಕೋ, ಇಂಜಿನ್ ಬೇಕೋ? ಉಗಿ ಇಂಜಿನ್ನಿನ ನೆನಪಿಗೆ ಬಂದ ಬೆಳ್ಳಿ ನಾಣ್ಯಗಳನ್ನು ಕೂಡಿಡುವ ಈ ಹವ್ಯಾಸಕ್ಕೆ ಬರಬೇಕು ಅನ್ನುವವರು ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಬೆಳ್ಳಿ ಬೇಕು ಅನ್ನುವವರಿಗೆ ದಾವಣಗೆರೆಯಲ್ಲಿ ದಾರಿ ಸುಲಭ. ಮಂಡಿಪೇಟೆ, ಚೌಕಿಪೇಟೆ ಕಡೆ ಹೋಗಿ, ಗುರುತಿನ ಬಂಗಾರದ ಅಂಗಡಿಯಲ್ಲಿ 999 ಟಚ್‌ನ (ಅಂದರೆ ಸಾವಿರ ಪಾಲಿನಲ್ಲಿ 999 ಪಾಲು ಅಸಲು ಬೆಳ್ಳಿ ಇರುವ) ಲಕ್ಷ್ಮೀ ನಾಣ್ಯವನ್ನೋ ಗಟ್ಟಿಯನ್ನೋ ತಗೊಳ್ಳಿ, ರಸೀದಿ ಇಟ್ಟುಕೊಳ್ಳಿ. ನಾಳೆ ಕಷ್ಟ ಬಂದರೆ ಅದೇ ಅಂಗಡಿಗೆ ಹೋಗಿ ಅಂದಿನ ದರಕ್ಕೆ ಕೊಟ್ಟು ಬರಬಹುದು. ಸ್ಮರಣಾರ್ಥ ನಾಣ್ಯದಲ್ಲಿ ಹಾಗಾಗುವುದಿಲ್ಲ. ಕೆನಡಾದ್ದೋ ಆಸ್ಟ್ರಿಯಾದ್ದೋ ರೈಲು ನಾಣ್ಯ ತಗೊಂಡು ಹೋದರೆ, ಅಂಗಡಿಯವರಿಗೆ ಅದು ಬರೀ ಕಲಬೆರಕೆ ಬೆಳ್ಳಿ. ಕರಗಿಸಿದರೆ ಎಷ್ಟು ಸಿಗುತ್ತದೆ ಅಂತ ನೋಡಿ, ಅದರಲ್ಲೂ ಒಂದಿಷ್ಟು ಕಳೆದು ಬೆಲೆ ಹೇಳುತ್ತಾರೆ. ತಪ್ಪು ಅವರದ್ದಲ್ಲ, ಅವರ ವ್ಯಾಪಾರವೇ ಅದು.

ಇಂಜಿನ್ ಬೇಕು ಅನ್ನುವವರಿಗೆ ಮಾತ್ರ ಮುಂದಿನದೆಲ್ಲ. ಬೆಂಗಳೂರು–ಹುಬ್ಬಳ್ಳಿ ಲೈನಿನ ಮೇಲೆ ಬೆಳೆದ ನಮ್ಮಂಥವರಿಗೆ ಈ ಆಸೆ ಹುಟ್ಟುವುದು ಸಹಜ. ಈ ಲೈನು 1990ರ ದಶಕದವರೆಗೂ ಮೀಟರ್‌ಗೇಜ್ ಆಗಿತ್ತು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಚಿತ್ರದುರ್ಗದ ಬಂಡಿ ಹತ್ತುತ್ತಿದ್ದ ಹಿರಿಯರಿಗೆ ಕರಿ ಇಂಜಿನ್ನಿನ ಶಿಳ್ಳೆ, ಕಣ್ಣಿಗೆ ಬೀಳುವ ಕಲ್ಲಿದ್ದಲ ಕಿಡಿ ಇವೆಲ್ಲ ಕತೆ ಅಲ್ಲ, ಕಂಡದ್ದು. ಮೀಟರ್‌ಗೇಜಿನಲ್ಲಿ ಪ್ಯಾಸೆಂಜರ್ ಬಂಡಿಗೆ ವೈಪಿ, ಗೂಡ್ಸ್‌ಗೆ ವೈಜಿ ಅನ್ನುವ ಇಂಜಿನ್‌ಗಳಿದ್ದವು. ನಾನು ಇಲ್ಲಿ ಹೋಲಿಸುವ ನಾಣ್ಯಗಳ ಮೇಲೆ ಇರುವವು ಅವಲ್ಲ. ನಮ್ಮ ರೈಲ್ವೆಯ ನಾಣ್ಯ ಬಿಟ್ಟರೆ ಮಿಕ್ಕವೆಲ್ಲ ದೂರದೇಶದ ಇಂಜಿನ್‌ಗಳು. ಅದರಿಂದ ಬೇಜಾರಾಗಬೇಕಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೇ ಸಿಕ್ಕಿದ್ದವು. ಪರದೇಶದ ಬೆಳ್ಳಿ ನಮ್ಮ ಕಡೆಗೆ ಬರುವುದು ಎರಡು ಸಾವಿರ ವರ್ಷದ ಹಳೇ ರೂಢಿ.

ಮೊದಲು ತೂಕದ ಲೆಕ್ಕ

ಚಿತ್ರ ನೋಡುವ ಮುಂಚೆ ಪ್ರತಿ ನಾಣ್ಯದಲ್ಲೂ ಅಸಲು ಬೆಳ್ಳಿ ಎಷ್ಟಿದೆ ಅಂತ ಗೊತ್ತಿರಬೇಕು. ಅದು ಬೆಳ್ಳಿಗಾಗಿ ಅಲ್ಲ, ಮೋಸ ಹೋಗದೆ ಇರಲಿಕ್ಕೆ. ಲೆಕ್ಕ ಸರಳ. ನಾಣ್ಯದ ತೂಕವನ್ನು ಟಚ್‌ನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 925 ಟಚ್‌ನ 18 ಗ್ರಾಂ ನಾಣ್ಯ ಅಂದರೆ 16.65 ಗ್ರಾಂ ಬೆಳ್ಳಿ. ಅದನ್ನು ಆ ದಿನದ ಗ್ರಾಂ ದರಕ್ಕೆ ಗುಣಿಸಿದರೆ ಲೋಹದ ಬೆಲೆ ಸಿಕ್ಕಿತು. ಮಾರುವವರು ಹೇಳುವ ಬೆಲೆಯಲ್ಲಿ ಇದನ್ನು ಕಳೆಯಿರಿ. ಉಳಿದದ್ದು ನೀವು ಇಂಜಿನ್ನಿಗೆ, ಕೆತ್ತನೆಗೆ, ಅಪರೂಪಕ್ಕೆ ಕೊಡುವ ದುಡ್ಡು. ಲೆಕ್ಕಕ್ಕೆ ಗ್ರಾಂಗೆ 100 ರೂಪಾಯಿ ಅಂದುಕೊಳ್ಳಿ. 17.5 ಗ್ರಾಂ ಅಸಲು ಬೆಳ್ಳಿ ಇರುವ ನಾಣ್ಯದ ಲೋಹದ ಬೆಲೆ 1,750 ಆಯಿತು. ಅದಕ್ಕೆ 3,500 ಕೇಳಿದರೆ ಅರ್ಧ ದುಡ್ಡು ಚಿತ್ರಕ್ಕೆ ಹೋಗುತ್ತಿದೆ. ಆ ಚಿತ್ರ ಅಷ್ಟು ಬಾಳುತ್ತದಾ ಅಂತ ಆಗ ನಿಮ್ಮನ್ನೇ ಕೇಳಿಕೊಳ್ಳಬಹುದು.

ನಮ್ಮದೇ ನಾಣ್ಯ: ರೈಲ್ವೆಯ 150ನೇ ವರ್ಷ

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ದೂರ 34 ಕಿಲೋಮೀಟರ್. ಸಾಹಿಬ್, ಸಿಂಧ್, ಸುಲ್ತಾನ್ ಅನ್ನುವ ಮೂರು ಇಂಜಿನ್‌ಗಳು ಎಳೆದವು. ಅದರ 150ನೇ ವರ್ಷದ ನೆನಪಿಗೆ ಭಾರತ ಸರ್ಕಾರ 100 ರೂಪಾಯಿ ಮತ್ತು 2 ರೂಪಾಯಿ ಮುಖಬೆಲೆಯ ನಾಣ್ಯಗಳನ್ನು 2003ರಲ್ಲಿ ಹೊರಡಿಸಿತು. 100 ರೂಪಾಯಿಯದ್ದು 35 ಗ್ರಾಂ ತೂಕ, 44 ಮಿಲಿಮೀಟರ್ ಅಗಲ. ಕೈಯಲ್ಲಿ ಹಿಡಿದರೆ ಗಟ್ಟಿಮುಟ್ಟು ಅನ್ನಿಸುತ್ತದೆ. ಆದರೆ ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಇನ್ನುಳಿದದ್ದು ತಾಮ್ರ 40 ಪಾಲು, ನಿಕ್ಕಲ್ 5, ಸತು 5. ಅಂದರೆ ಅಸಲು ಬೆಳ್ಳಿ 17.5 ಗ್ರಾಂ.

2 ರೂಪಾಯಿ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ–ನಿಕ್ಕಲ್. ಅದರ ಮೇಲಿರುವುದು ಇಂಜಿನ್ನೂ ಅಲ್ಲ, ಕಂದೀಲು ಹಿಡಿದ ಗಾರ್ಡ್ ಆನೆ ‘ಭೋಲು’. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿದ ಈ ಆನೆಯನ್ನು 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲೇ ಮೊದಲು ತೋರಿಸಿದ್ದು. ಅಂದು ಭೋಲು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಹಸಿರು ತೋರಿಸಿ ಕಳಿಸಿತ್ತು. ಮಕ್ಕಳಿಗೆ ಹವ್ಯಾಸ ಹಿಡಿಸಬೇಕು ಅಂದರೆ ಈ 2 ರೂಪಾಯಿಗಿಂತ ಒಳ್ಳೆಯ ಶುರು ಇಲ್ಲ. ಖರ್ಚು ಕಡಿಮೆ, ಚಿತ್ರ ಮುದ್ದು, ಕತೆ ನಮ್ಮದು.

100 ರೂಪಾಯಿಯದ್ದನ್ನು ಯಾರು ಕೊಳ್ಳಬೇಕು? ಭಾರತದ ರೈಲ್ವೆ ತಮ್ಮ ಸಂಗ್ರಹದಲ್ಲಿ ಇರಲೇಬೇಕು ಅನ್ನುವವರು. ನಾನಂತೂ ಆ ಗುಂಪಿನವನು. ಆದರೆ ಉಗಿ, ಹೊಗೆ, ಚಕ್ರದ ಕಡ್ಡಿ ಎಣಿಸಬಹುದಾದಂಥ ಕೆತ್ತನೆ ಬೇಕು ಅನ್ನುವವರಿಗೆ ಇದು ಮೊದಲನೆಯದಲ್ಲ. ಇನ್ನೊಂದು ಮಾತು. ಈ ನಾಣ್ಯಗಳು ಪ್ರೂಫ್ (ಕನ್ನಡಿಯಂತೆ ಹೊಳೆಯುವ ವಿಶೇಷ ಅಚ್ಚು), ಯುಎನ್‌ಸಿ (ಚಲಾವಣೆಗೆ ಹೋಗದ ಸಾದಾ ಅಚ್ಚು) ಎರಡು ಬಗೆಯ ಸೆಟ್‌ಗಳಾಗಿ ಟಂಕಸಾಲೆಯ ಪೆಟ್ಟಿಗೆಯಲ್ಲೇ ಬಂದವು. ಪೆಟ್ಟಿಗೆ ಇಲ್ಲದೆ ಬಿಡಿಯಾಗಿ ಬಂದದ್ದಕ್ಕೆ ಪೂರ್ತಿ ಸೆಟ್ಟಿನ ಬೆಲೆ ಕೊಡಬೇಡಿ.

ಕೆನಡಾದ 1981ರ ಡಾಲರ್: ನನ್ನ ಮೊದಲ ಶಿಫಾರಸು

ಒಂದೇ ಒಂದು ನಾಣ್ಯಕ್ಕೆ ದುಡ್ಡಿದೆ ಅಂದರೆ ಇದನ್ನು ಹುಡುಕಿ. ಕೆನಡಾದ ಈ ಕಡಲಿನಿಂದ ಆ ಕಡಲಿಗೆ ರೈಲು ಹಾಕುವ ಕೆಲಸಕ್ಕೆ ನೂರು ವರ್ಷ ತುಂಬಿದ ನೆನಪಿಗೆ 1981ರಲ್ಲಿ ಬಂದ ಬೆಳ್ಳಿ ಡಾಲರ್ ಇದು. ಮೇಲೆ ಉಗಿ ಇಂಜಿನ್, ಹಿಂದೆ ಕೆನಡಾದ ನಕ್ಷೆ. ಚಿತ್ರದಲ್ಲಿ ಗಡಿಬಿಡಿ ಇಲ್ಲ. ನೋಡಿದ ಕೂಡಲೇ ಇದು ಯಾವುದರ ನಾಣ್ಯ, ಯಾಕೆ ಬಂತು ಅಂತ ತಿಳಿಯುತ್ತದೆ. ನಕ್ಷೆ ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ. ಆ ರೈಲು ಇರದಿದ್ದರೆ ಆ ನಕ್ಷೆಯ ಪಶ್ಚಿಮ ಭಾಗ ಕೆನಡಾದ ಜೊತೆ ಉಳಿಯುತ್ತಿತ್ತೋ ಇಲ್ಲವೋ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1871ರಲ್ಲಿ ಕೆನಡಾ ಸೇರಿದ್ದೇ ರೈಲು ಹಾಕಿಕೊಡುತ್ತೇವೆ ಅನ್ನುವ ಮಾತಿನ ಮೇಲೆ. ಕೊನೆಯ ಮೊಳೆ ಹೊಡೆದದ್ದು 1885ರ ನವೆಂಬರ್ 7ರಂದು, ಕ್ರೆಗೆಲಾಕಿ ಅನ್ನುವಲ್ಲಿ.

ಇದರ ತೂಕದಲ್ಲಿ ನಮ್ಮ ಕಡೆಯವರಿಗೆ ಖುಷಿಯಾಗುವ ಒಂದು ವಿಷಯ ಇದೆ. ನಾಣ್ಯ 23.33 ಗ್ರಾಂ, ಬೆಳ್ಳಿ ಅರ್ಧಕ್ಕರ್ಧ. ಹಾಗಾದರೆ ಅಸಲು ಬೆಳ್ಳಿ 11.66 ಗ್ರಾಂ. ಅದು ಸರಿಯಾಗಿ ಒಂದು ತೊಲ! ಇದು ಕಾಕತಾಳೀಯ. ಆದರೆ ಲೆಕ್ಕ ಹಾಕಲಿಕ್ಕೆ ಎಷ್ಟು ಅನುಕೂಲ ನೋಡಿ. ಇವತ್ತಿನ ತೊಲ ಬೆಳ್ಳಿ ದರ ಕೇಳಿದರೆ ಸಾಕು, ನಾಣ್ಯದ ಲೋಹದ ಬೆಲೆ ಬಾಯಿಲೆಕ್ಕದಲ್ಲೇ ಗೊತ್ತಾಗುತ್ತದೆ. ಮಾರುವವರ ಎದುರು ನಿಂತಾಗ ಇಂಥದ್ದು ಬಹಳ ಉಪಯೋಗಕ್ಕೆ ಬರುತ್ತದೆ.

ಇದನ್ನು ಮೊದಲಿಗೆ ಹೇಳಲು ಇನ್ನೂ ಒಂದು ಕಾರಣ, ಇದು ಅಪರೂಪದ್ದಲ್ಲ. ಲಕ್ಷಗಟ್ಟಲೆ ಅಚ್ಚಾಗಿದೆ. ಹಾಗಾಗಿ ಒಬ್ಬರು ಜಾಸ್ತಿ ಹೇಳಿದರೆ ‘ಆಯ್ತು ಬಿಡಿ’ ಅಂತ ಎದ್ದು ಬರಬಹುದು. ಮತ್ತೊಬ್ಬರ ಹತ್ತಿರ ಸಿಗುತ್ತದೆ. ಹೊಸಬರಿಗೆ ಈ ಧೈರ್ಯ ಮುಖ್ಯ. ಇದರ ಜೊತೆಗಾರ ಅನ್ನಬಹುದಾದ್ದು 1986ರ ಡಾಲರ್. ವ್ಯಾಂಕೂವರ್ ನಗರದ ನೂರನೇ ವರ್ಷಕ್ಕೆ ಬಂದದ್ದು. ಅದರ ಮೇಲೂ ಉಗಿ ಇಂಜಿನ್ ಇದೆ, ಬೆಳ್ಳಿಯ ಪಾಲೂ ಅಷ್ಟೇ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ರೈಲು ಹೊರಟದ್ದು ಒಂದು, ಊರು ಮುಟ್ಟಿದ್ದು ಇನ್ನೊಂದು.

ಕೆನಡಾದ್ದೇ 20 ಡಾಲರ್ ಸರಣಿಯೂ ಇದೆ. 2000ದಲ್ಲಿ ‘ಟೊರಾಂಟೊ’ ಇಂಜಿನ್, 2001ರಲ್ಲಿ ‘ಸ್ಕೋಶಿಯಾ’, 2002ರಲ್ಲಿ ಡಿ-10. 31.1 ಗ್ರಾಂ, 925 ಟಚ್. ಇವುಗಳ ಮೇಲೆ ಮಿನುಗುವ ಹೊಲೊಗ್ರಾಂ ಇದೆ. ನನಗೆ ಅದು ಹಿಡಿಸುವುದಿಲ್ಲ. ಉಗಿ ಇಂಜಿನ್ ಅಂದರೆ ಕಬ್ಬಿಣ, ಎಣ್ಣೆ, ಮಸಿ. ಅದನ್ನು ಬಣ್ಣ ಬಣ್ಣವಾಗಿ ಮಿನುಗಿಸಿದರೆ ಅದರ ಗತ್ತೇ ಹೋಗುತ್ತದೆ. ಆದರೆ ಬೆಳ್ಳಿ ಮಾತ್ರ ಕೈತುಂಬ ಇದೆ, 28 ಗ್ರಾಂ ಮೇಲೆ. ಹೊಲೊಗ್ರಾಂ ಇಷ್ಟಪಡುವವರು ತಗೊಳ್ಳಬಹುದು.

ಜರ್ಮನಿ: ಒಂದು ಒಳ್ಳೆಯದು, ಒಂದು ಎಚ್ಚರಿಕೆ

1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗಿನಿಂದ ಫ್ಯೂರ್ತ್‌ಗೆ ಜರ್ಮನಿಯ ಮೊದಲ ಉಗಿ ರೈಲು ಓಡಿತು. ಆರು ಕಿಲೋಮೀಟರ್ ದಾರಿ ಅಷ್ಟೇ. ಇಂಜಿನ್ನಿನ ಹೆಸರು ‘ಆಡ್ಲರ್’. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿ ಮಾಡಿ, ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿ ತಂದದ್ದು. ಓಡಿಸಲಿಕ್ಕೂ ವಿಲಿಯಂ ವಿಲ್ಸನ್ ಅನ್ನುವ ಇಂಗ್ಲಿಷ್ ಡ್ರೈವರನ್ನೇ ಕರೆಸಿದ್ದರು. ಇದರ 175ನೇ ವರ್ಷಕ್ಕೆ 2010ರಲ್ಲಿ ಜರ್ಮನಿ 10 ಯೂರೋ ನಾಣ್ಯ ತಂದಿತು. 18 ಗ್ರಾಂ, 925 ಟಚ್. ಒಳ್ಳೆಯ ಬೆಳ್ಳಿ, ಜೇಬಿಗೂ ಭಾರ ಅಲ್ಲ. ಪ್ರೂಫ್ ಅಲ್ಲದ ಸಾದಾ ನಾಣ್ಯ ತಗೊಂಡರೆ ಬೆಳ್ಳಿಯ ಬೆಲೆಗಿಂತ ತುಂಬ ಮೇಲೆ ಹೋಗಬೇಕಿಲ್ಲ.

ಎಚ್ಚರಿಕೆ ಇರುವುದು 1985ರ 5 ಮಾರ್ಕ್ ನಾಣ್ಯದ ಬಗ್ಗೆ. ಅದೂ ಜರ್ಮನ್ ರೈಲ್ವೆಯ 150ನೇ ವರ್ಷದ್ದೇ. ನೋಡಲಿಕ್ಕೆ ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಒಳಗೆ ನಿಕ್ಕಲ್, ಮೇಲೆ ತಾಮ್ರ–ನಿಕ್ಕಲ್ ಹೊದಿಕೆ. 1970ರ ದಶಕದ 5 ಮಾರ್ಕ್ ಸ್ಮರಣಾರ್ಥ ನಾಣ್ಯಗಳಲ್ಲಿ ಬೆಳ್ಳಿ ಇತ್ತು. ಅದೇ ನೆನಪಿನಲ್ಲಿ ಇದನ್ನೂ ಬೆಳ್ಳಿ ಅಂತ ಮಾರುವವರಿದ್ದಾರೆ, ಅವರಿಗೂ ಗೊತ್ತಿರುವುದಿಲ್ಲ. ಅಯಸ್ಕಾಂತ ಹತ್ತಿರ ಹಿಡಿಯಿರಿ. ಒಳಗಿನ ನಿಕ್ಕಲ್‌ನಿಂದಾಗಿ ಎಳೆಯುತ್ತದೆ. ಬೆಳ್ಳಿ ನಾಣ್ಯ ಎಳೆಯುವುದಿಲ್ಲ. ಇಂಜಿನ್ನಿಗಾಗಿ ಅಗ್ಗದಲ್ಲಿ ಕೊಂಡರೆ 5 ಮಾರ್ಕ್ ನಾಣ್ಯವೂ ಚೆಂದವೇ. ಬೆಳ್ಳಿಯ ಬೆಲೆ ಮಾತ್ರ ಕೊಡಬೇಡಿ.

ಆಸ್ಟ್ರಿಯಾ: ಕೆತ್ತನೆಯಲ್ಲಿ ಇವರೇ ಮುಂದೆ

ದುಡ್ಡಿನ ಯೋಚನೆ ಪಕ್ಕಕ್ಕಿಟ್ಟು ಬರೀ ಚೆಂದ ನೋಡುವುದಾದರೆ, ನನ್ನ ಓಟು ಆಸ್ಟ್ರಿಯಾದ 20 ಯೂರೋ ರೈಲ್ವೆ ಸರಣಿಗೆ. 2007ರಿಂದ 2009ರವರೆಗೆ ವರ್ಷಕ್ಕೆ ಎರಡರಂತೆ ಆರು ನಾಣ್ಯ. 900 ಟಚ್, ಪ್ರತಿಯೊಂದರಲ್ಲೂ 18 ಗ್ರಾಂ ಅಸಲು ಬೆಳ್ಳಿ. ಎಲ್ಲವೂ ಪ್ರೂಫ್, ಒಂದೊಂದೂ 50,000 ಮಾತ್ರ.

ಆರೂ ಬೇಕಾ? ಬೇಡ ಅನ್ನುತ್ತೇನೆ. ಮೊದಲನೆಯದು ಚಕ್ರವರ್ತಿ ಫರ್ಡಿನಾಂಡನ ಹೆಸರಿನ ಉತ್ತರ ರೈಲ್ವೆ, 1837ರಲ್ಲಿ ಶುರುವಾದದ್ದು. ಎರಡನೆಯದು ವಿಯೆನ್ನಾದಿಂದ ಟ್ರಿಯೆಸ್ಟ್‌ಗೆ ಹೋಗುವ ದಕ್ಷಿಣದ ಲೈನು. 2008ರ ಎರಡರಲ್ಲಿ ಒಂದು ಮಹಾರಾಣಿ ಎಲಿಜಬೆತ್ ಪಶ್ಚಿಮ ರೈಲ್ವೆ, ಇನ್ನೊಂದು 1900ರ ಆಸುಪಾಸಿನ ವೈಭವದ ಕಾಲದ್ದು. ಈ ನಾಲ್ಕು ಉಗಿಯ ಕಾಲಕ್ಕೆ ಸೇರಿದವು. 2009ರ ಎರಡು ವಿದ್ಯುತ್ ರೈಲಿನದ್ದು ಮತ್ತು ಮುಂದಿನ ಕಾಲದ ರೈಲಿನದ್ದು. ನಿಮ್ಮ ಸಂಗ್ರಹದ ವಿಷಯ ಸ್ಟೀಮ್ ಇಂಜಿನ್ ಅಂದ ಮೇಲೆ ನಾಲ್ಕಕ್ಕೇ ನಿಲ್ಲಿಸುವುದು ಸರಿ. ಸೆಟ್ಟು ಅಪೂರ್ಣ ಆಯಿತು ಅಂತ ಯಾರಾದರೂ ಅಂದರೆ ಅನ್ನಲಿ. ಸಂಗ್ರಹ ನಿಮ್ಮದು, ಅದರ ಗಡಿ ಹಾಕುವವರೂ ನೀವೇ.

ಆಸ್ಟ್ರಿಯಾದ ಇನ್ನೊಂದು ನಾಣ್ಯ ಬಹಳ ವಿಚಿತ್ರ. 2004ರ 25 ಯೂರೋ, ಸೆಮ್ಮರಿಂಗ್ ಬೆಟ್ಟದ ರೈಲಿನ 150ನೇ ವರ್ಷದ್ದು. ಕಾರ್ಲ್ ಫಾನ್ ಗೇಗಾ ಅನ್ನುವ ಇಂಜಿನಿಯರ್ ಆಲ್ಪ್ಸ್ ಮೇಲೆ 41 ಕಿಲೋಮೀಟರ್ ಹಳಿ ಹಾಕಿಸಿದ. ಕಣಿವೆಗೊಂದು ಕಮಾನು ಸೇತುವೆ, ಬಂಡೆಗೊಂದು ಸುರಂಗ. ಅಷ್ಟು ಕಡಿದಾದ ಏರನ್ನು ಹತ್ತುವ ಇಂಜಿನ್ನೇ ಆಗ ಇರಲಿಲ್ಲ. ಹಳಿ ಹಾಕುತ್ತಿರುವಾಗಲೇ 1851ರಲ್ಲಿ ಪಂದ್ಯ ಇಟ್ಟು ಇಂಜಿನ್ ಮಾಡಿಸಿದರು. ಆ ಧೈರ್ಯ ಮೆಚ್ಚಬೇಕು, ಅಲ್ವಾ? ನಾಣ್ಯದ ಹೊರಬಳೆ ಬೆಳ್ಳಿ, 900 ಟಚ್‌ನ 9 ಗ್ರಾಂ. ಒಳಗಿನ ಬಿಲ್ಲೆ ನಿಯೋಬಿಯಂ ಅನ್ನುವ ಲೋಹ, ಹಸಿರು ಬಣ್ಣ. ಅದು ಬಳಿದ ಬಣ್ಣ ಅಲ್ಲ. ಲೋಹದ ಮೇಲ್ಮೈಯಲ್ಲಿ ಕಟ್ಟಿದ ತೆಳು ಆಕ್ಸೈಡ್ ಪದರದಿಂದ ಬಂದ ಬಣ್ಣ, ಹಾಗಾಗಿ ಸಿಪ್ಪೆ ಏಳುವುದಿಲ್ಲ. ಹಳೆಯ ಇಂಜಿನ್ ಜೊತೆಗೆ ಹೊಸ ಕಾಲದ ಇಂಜಿನ್ನೂ ಇದರಲ್ಲಿ ಇದೆ. ಬೆಳ್ಳಿ 8.1 ಗ್ರಾಂ ಮಾತ್ರ. ಲೋಹದ ಲೆಕ್ಕದಲ್ಲಿ ಈ ಸಾಲಿನಲ್ಲೇ ಕಡೆಯದು, ಕತೆಯ ಲೆಕ್ಕದಲ್ಲಿ ಮೇಲಿನದು. ಇದನ್ನು ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಬ್ರಿಟನ್: ಟ್ರೆವಿಥಿಕ್ ಮತ್ತು ಫ್ಲೈಯಿಂಗ್ ಸ್ಕಾಟ್ಸ್‌ಮನ್

ಉಗಿ ಇಂಜಿನ್ ಹುಟ್ಟಿದ ನಾಡನ್ನು ಬಿಟ್ಟು ಸಂಗ್ರಹ ಮಾಡಲಾಗುವುದಿಲ್ಲ. 1804ರ ಫೆಬ್ರವರಿ 21ರಂದು ವೇಲ್ಸ್‌ನ ಪೆನಿಡಾರನ್ ಕಬ್ಬಿಣದ ಕಾರ್ಖಾನೆಯಿಂದ ರಿಚರ್ಡ್ ಟ್ರೆವಿಥಿಕ್‌ನ ಇಂಜಿನ್ 10 ಟನ್ ಕಬ್ಬಿಣ, ಐದು ವ್ಯಾಗನ್, 70 ಜನರನ್ನು ಎಳೆದುಕೊಂಡು ಹೊರಟಿತು. ಒಂಬತ್ತೂಮುಕ್ಕಾಲು ಮೈಲಿಗೆ ನಾಲ್ಕು ಗಂಟೆ ಐದು ನಿಮಿಷ ಹಿಡಿಯಿತು. ಹಳಿಯ ಮೇಲೆ ಹೊರೆ ಎಳೆದ ಮೊದಲ ಉಗಿ ಇಂಜಿನ್ ಅದು. ಆದರೆ ಅದರ ಭಾರಕ್ಕೆ ಎರಕದ ಹಳಿಗಳು ಮುರಿದವು. ಕಾರ್ಖಾನೆಯವರು ಮತ್ತೆ ಕುದುರೆಗೇ ಹೋದರು. ಟ್ರೆವಿಥಿಕ್ 1833ರಲ್ಲಿ ಬಡತನದಲ್ಲೇ ಸತ್ತ. ಹೆಸರೆಲ್ಲ ಆಮೇಲೆ ಬಂದ ಸ್ಟೀಫನ್‌ಸನ್ನರಿಗೆ ಹೋಯಿತು. ಅದಕ್ಕೇ 2004ರ 2 ಪೌಂಡ್ ನಾಣ್ಯ ನನಗೆ ಇಷ್ಟ. ಆತನ ಹೆಸರು, ಆತನ ಇಂಜಿನ್, ಸುತ್ತ ಹಲ್ಲಿನ ಚಕ್ರ. ಅಂಚಿನಲ್ಲಿ ರೈಲ್ವೆಯ ಕಮಾನು ಸೇತುವೆಗಳ ಸಾಲು. ಅಂಚನ್ನು ತಿರುಗಿಸಿ ನೋಡಿ, ಬೇರೆ ಯಾವ ನಾಣ್ಯದಲ್ಲೂ ಈ ಕೆಲಸ ನನಗೆ ಇಷ್ಟು ಹಿಡಿಸಿಲ್ಲ.

ಇಲ್ಲೂ ಬೆಳ್ಳಿಯ ವಿಷಯದಲ್ಲಿ ಹುಷಾರು. ಚಲಾವಣೆಗೆ ಬಂದ ಟ್ರೆವಿಥಿಕ್ ನಾಣ್ಯ ಸುಮಾರು 50 ಲಕ್ಷ. ಅದರಲ್ಲಿ ಬೆಳ್ಳಿ ಇಲ್ಲ. ಬೆಳ್ಳಿಯದ್ದು ಬೇರೆಯೇ ಪ್ರೂಫ್ ಆಗಿ ಬಂತು. 12 ಗ್ರಾಂ, 925 ಟಚ್, ಹೊರಬಳೆಗೆ ಚಿನ್ನದ ನೀರು. ಎರಡು ಪಟ್ಟು ದಪ್ಪದ ‘ಪೀಡ್‌ಫೋರ್ಟ್’ ಕೂಡ ಇದೆ, 24 ಗ್ರಾಂ. ಚಿತ್ರ ಒಂದೇ ಆದ್ದರಿಂದ ಫೋಟೋ ನೋಡಿ ತೀರ್ಮಾನಿಸಬೇಡಿ. ತೂಕ, ಪೆಟ್ಟಿಗೆ, ಪ್ರಮಾಣಪತ್ರ ಕೇಳಿ.

ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್ 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾಯಿತು. ನೈಜೆಲ್ ಗ್ರೆಸ್ಲಿ ರೂಪಿಸಿದ್ದು. 1934ರ ನವೆಂಬರ್ 30ರಂದು ಗಂಟೆಗೆ 100 ಮೈಲಿ ವೇಗ ಮುಟ್ಟಿತು. ಅಧಿಕೃತವಾಗಿ ದಾಖಲಾದ ಮೊದಲ ಸಲ ಅದು. ನೂರು ವರ್ಷ ತುಂಬಿದಾಗ, 2023ರಲ್ಲಿ, 2 ಪೌಂಡ್ ನಾಣ್ಯ ಬಂತು. ಬೆಳ್ಳಿ ಪ್ರೂಫ್ ಇದೆ. ಬಣ್ಣ ಹಾಕಿದ್ದೂ ಇದೆ. ಆ ಇಂಜಿನ್ನಿನ ಸೇಬು ಹಸಿರು ಬಣ್ಣ ಪ್ರಸಿದ್ಧ ಅನ್ನುವುದು ನಿಜ. ಆದರೂ ಬೆಳ್ಳಿಯ ಮೇಲೆ ಬಣ್ಣ ಬೇಡ ಅನ್ನುವವನು ನಾನು. ಟ್ರೆವಿಥಿಕ್, ಸ್ಕಾಟ್ಸ್‌ಮನ್ ಎರಡರಲ್ಲಿ ಒಂದು ಅಂದರೆ ಟ್ರೆವಿಥಿಕ್. ಸ್ಕಾಟ್ಸ್‌ಮನ್ ಇಂದಿಗೂ ಜೀವಂತ ಇದೆ, ಫೋಟೋ ವಿಡಿಯೋ ಬೇಕಾದಷ್ಟಿವೆ. ಟ್ರೆವಿಥಿಕ್‌ನ ಇಂಜಿನ್ ಉಳಿದಿಲ್ಲ. ಅದನ್ನು ನೆನೆಯಲಿಕ್ಕೆ ನಾಣ್ಯವೇ ಬೇಕು.

ಜರ್ಸಿ, ಗರ್ನ್ಸಿ, ಆಲ್ಡರ್ನಿ ಅನ್ನುವ ಚಿಕ್ಕ ದ್ವೀಪಗಳ 5 ಪೌಂಡ್ ಉಗಿ ಇಂಜಿನ್ ನಾಣ್ಯಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬೆಳ್ಳಿ ಅಚ್ಚು 28.28 ಗ್ರಾಂ, 925 ಟಚ್. ದೊಡ್ಡ ಬಿಲ್ಲೆ, ಇಂಜಿನ್ ದೊಡ್ಡದಾಗಿ ಕಾಣುತ್ತದೆ. ಒಂದೊಂದಾಗಿ ಒಳ್ಳೆಯ ಬೆಲೆಗೆ ಸಿಕ್ಕರೆ ತಗೊಳ್ಳಿ. ಸರಣಿ ಪೂರ್ತಿ ಮಾಡುವ ಹಟ ಬೇಡ. ಒಂದೇ ವರ್ಷದಲ್ಲಿ ಸಾಲು ಸಾಲಾಗಿ ಬಂದ ನಾಣ್ಯಗಳು ಸಂಗ್ರಹಕಾರರ ಜೇಬು ನೋಡಿಯೇ ಬಂದವು.

ಕೊಳ್ಳಬೇಡಿ ಅನ್ನುವಂಥವು

ಖಾಸಗಿ ಕಂಪನಿಗಳು ಮಾಡುವ ‘ಜಗತ್ತಿನ ಮಹಾ ಇಂಜಿನ್‌ಗಳು’ ಅನ್ನುವ ಬಗೆಯ ಪದಕಗಳು ನಾಣ್ಯ ಅಲ್ಲ. ಮುಖಬೆಲೆ ಇಲ್ಲ, ಯಾವ ಸರ್ಕಾರದ ಮುದ್ರೆಯೂ ಇಲ್ಲ. ಇವುಗಳಲ್ಲಿ ಕೆಲವು ಅಸಲು ಬೆಳ್ಳಿಯವೇ. ಹಾಗಿದ್ದರೆ ಬೆಳ್ಳಿಯ ಬೆಲೆಗೆ ತಗೊಳ್ಳಬಹುದು, ಅದಕ್ಕಿಂತ ಮೇಲೆ ಬೇಡ. ಬೆಳ್ಳಿ ನೀರು ಹಾಕಿದವು ಇನ್ನೂ ಜಾಸ್ತಿ. ವಿವರದಲ್ಲಿ ‘ಸಿಲ್ವರ್ ಪ್ಲೇಟೆಡ್’, ‘ಸಿಲ್ವರ್ ಫಿನಿಶ್’ ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ‘ಜರ್ಮನ್ ಸಿಲ್ವರ್’ ಅಂದರೆ ತಾಮ್ರ, ನಿಕ್ಕಲ್, ಸತು. ಅದರಲ್ಲಿ ಬೆಳ್ಳಿ ಇರುವುದೇ ಇಲ್ಲ. ಆನ್‌ಲೈನಿನಲ್ಲಿ ಟಚ್ ಎಷ್ಟು, ತೂಕ ಎಷ್ಟು ಅಂತ ಎರಡೂ ಬರೆಯದ ನಾಣ್ಯವನ್ನು ಕೇಳಲಿಕ್ಕೂ ಹೋಗಬೇಡಿ.

ಪ್ರೂಫೋ, ಸಾದಾನೋ?

ಪ್ರೂಫ್ ಅಂದರೆ ಪಾಲಿಶ್ ಮಾಡಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದದ್ದು. ಹಿನ್ನೆಲೆ ಕನ್ನಡಿ, ಇಂಜಿನ್ ಮಂಜಿನಂತೆ ಬಿಳಿ. ಉಗಿ, ಹೊಗೆ ಪ್ರೂಫಿನಲ್ಲಿ ಎದ್ದು ಕಾಣುತ್ತವೆ. ಆದರೆ ಒಂದು ಬೆರಳ ಗುರುತು ಬಿದ್ದರೂ ಮುಗಿಯಿತು. ಮನೆಯಲ್ಲಿ ಮಕ್ಕಳಿಗೂ ನೆಂಟರಿಗೂ ಕೈಗೆ ಕೊಟ್ಟು ತೋರಿಸುವ ಆಸೆ ಇದ್ದರೆ ಸಾದಾ ಯುಎನ್‌ಸಿ ತಗೊಳ್ಳಿ. ಕೆನಡಾ, ಜರ್ಮನಿಯವು ಸಾದಾ ಇರಲಿ, ಆಸ್ಟ್ರಿಯಾ, ಬ್ರಿಟನ್ನಿನವು ಪ್ರೂಫ್ ಇರಲಿ. ನನ್ನ ಪದ್ಧತಿ ಇದು.

ಎಲ್ಲಿ ಕೊಳ್ಳುವುದು, ಹೇಗೆ ಪರೀಕ್ಷಿಸುವುದು

ದಾವಣಗೆರೆಯಲ್ಲೋ ದುರ್ಗದಲ್ಲೋ ಇವು ಅಂಗಡಿಯಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಕ್ಕೆ ಬೆಳಗಿನ ರೈಲಿಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಹೊಸಬರಿಗೆ ನಾನು ಹೇಳುವುದು ಅದನ್ನೇ. ಕೈಯಲ್ಲಿ ಹಿಡಿದು, ಅಂಚು ನೋಡಿ, ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ ಕೊಳ್ಳಬಹುದು. ಹೊರದೇಶದಿಂದ ನೇರವಾಗಿ ತರಿಸಿದರೆ ನಾಣ್ಯದ ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ ಸೇರುತ್ತವೆ. ಬೆಳ್ಳಿಯ ಆಮದು ನಿಯಮಗಳು ಆಗಾಗ ಬದಲಾಗುತ್ತವೆ ಬೇರೆ. ಒಂದು ಚಿಕ್ಕ ನಾಣ್ಯಕ್ಕಾಗಿ ಈ ತಲೆನೋವು ಬೇಡ. ಇಲ್ಲಿಗೆ ಈಗಾಗಲೇ ಬಂದಿರುವುದನ್ನು ಸ್ವಲ್ಪ ಜಾಸ್ತಿ ಕೊಟ್ಟು ಕೊಳ್ಳುವುದೇ ಲೇಸು.

ಪರೀಕ್ಷೆಗೆ ಮೂರು ಸಾಮಾನು ಸಾಕು. ಅಯಸ್ಕಾಂತ, 0.01 ಗ್ರಾಂ ತೋರಿಸುವ ತಕ್ಕಡಿ, ಅಗಲ ಅಳೆಯುವ ವರ್ನಿಯರ್. ತೂಕವೂ ಅಗಲವೂ ಹೇಳಿದಂತೆ ಇದ್ದರೆ ಅರ್ಧ ಭಯ ಹೋಯಿತು. ಇನ್ನೂ ಅನುಮಾನ ಅಂದರೆ ನೀರಿನ ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ಆಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿ. 925 ಟಚ್ ಆದರೆ 10.3ರ ಆಸುಪಾಸು, ಕೆನಡಾ ಡಾಲರ್ ಆದರೆ 9.6–9.7, ನಮ್ಮ 100 ರೂಪಾಯಿ ಸುಮಾರು 9.5 ಬರಬೇಕು. 8.9 ಬಂದರೆ ಅದು ತಾಮ್ರ–ನಿಕ್ಕಲ್. ಪ್ರೂಫ್ ನಾಣ್ಯಕ್ಕೆ ಈ ಪರೀಕ್ಷೆ ಬೇಡವೇ ಬೇಡ, ನೀರಿನ ಕಲೆ ಹೋಗುವುದಿಲ್ಲ. ಬಂಗಾರದ ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿಸುವುದಂತೂ ಯಾವ ನಾಣ್ಯಕ್ಕೂ ಬೇಡ. ಟಚ್ ನೋಡುವ ಎಕ್ಸ್‌ರೇ ಮಷಿನ್ ಇರುವ ಅಂಗಡಿ ಆದರೆ ಕೇಳಬಹುದು, ಅದು ನಾಣ್ಯವನ್ನು ಗೀರುವುದಿಲ್ಲ. ಆದರೆ ಮೇಲ್ಮೈಯನ್ನಷ್ಟೇ ನೋಡುತ್ತದೆ. ದಪ್ಪ ಬೆಳ್ಳಿ ನೀರು ಹಾಕಿದ್ದರೆ ಅದಕ್ಕೂ ಗೊತ್ತಾಗದೆ ಹೋಗಬಹುದು. ತೂಕ, ಅಗಲದ ಜೊತೆ ಹೊಂದಿಸಿ ನೋಡಿ.

ಇಟ್ಟುಕೊಳ್ಳುವುದು

ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಬೆಳ್ಳಿ ದೀಪ, ಬಟ್ಟಲುಗಳನ್ನು ವಿಭೂತಿ ಹಾಕಿ ತಿಕ್ಕಿ ಬೆಳಗಿಸುತ್ತಾರೆ. ಈ ನಾಣ್ಯಗಳು ಆ ಸಾಲಿಗೆ ಹೋಗದಂತೆ ನೋಡಿಕೊಳ್ಳಿ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ತಿಕ್ಕಿದ ನಾಣ್ಯದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಬೀಳುತ್ತವೆ. ಸಂಗ್ರಹಕಾರರು ಬೆಳಕಿಗೆ ಹಿಡಿದ ಕೂಡಲೇ ಕಂಡುಹಿಡಿಯುತ್ತಾರೆ. ಬೆಲೆ ಅಲ್ಲಿಗೇ ಬೆಳ್ಳಿಯ ದರಕ್ಕೆ ಇಳಿಯುತ್ತದೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್, ಅಗ್ಗದ ರಟ್ಟಿನ ಡಬ್ಬಿ ಇವುಗಳ ಜೊತೆ ಇಡಬೇಡಿ. ಮೆತ್ತಗಿನ ಪಿವಿಸಿ ಕವರ್ ಇನ್ನೂ ಕೆಟ್ಟದ್ದು, ಕಾಲ ಕಳೆದಂತೆ ಹಸಿರು ಜಿಡ್ಡು ಬಿಡುತ್ತದೆ. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ತಗೊಳ್ಳಿ, ನಾಣ್ಯದ ಅಗಲಕ್ಕೆ ಸರಿಯಾದದ್ದು. ಭಾರತದ 44 ಮಿಲಿಮೀಟರ್ ನಾಣ್ಯಕ್ಕೂ ಕೆನಡಾದ 36 ಮಿಲಿಮೀಟರ್ ಡಾಲರ್‌ಗೂ ಒಂದೇ ಕ್ಯಾಪ್ಸೂಲ್ ಆಗುವುದಿಲ್ಲ. ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಿಡಿಯುವಾಗ ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ. ಮುಖದ ಮೇಲೆ ಬೆರಳು ಇಡಬೇಡಿ.

ಪ್ರತಿ ನಾಣ್ಯದ ಜೊತೆ ಒಂದು ಚೀಟಿಯೂ ಇರಲಿ. ಯಾವ ದೇಶದ್ದು, ಯಾವ ವರ್ಷದ್ದು, ಯಾವ ಇಂಜಿನ್, ತೂಕ ಎಷ್ಟು, ಟಚ್ ಎಷ್ಟು, ಎಷ್ಟಕ್ಕೆ ಕೊಂಡದ್ದು ಎಲ್ಲ ಕನ್ನಡದಲ್ಲೇ ಬರೆಯಿರಿ. ಮಾರುವುದಾದರೆ ಯಾರನ್ನು ಕೇಳಬೇಕು ಅನ್ನುವುದನ್ನೂ ಸೇರಿಸಿ. ಮನೆಯವರಿಗೆ ಈ ಹವ್ಯಾಸ ಗೊತ್ತಿರಬೇಕೆಂದೇನೂ ಇಲ್ಲ. ಆದರೆ ಟ್ರೆವಿಥಿಕ್‌ನ ಇಂಜಿನ್ನನ್ನು ಯಾರೋ ಗೊತ್ತಿಲ್ಲದೆ ಕಾಲುಗೆಜ್ಜೆಗೆ ಕರಗಿಸಿಬಿಡುವುದನ್ನು ಆ ಚೀಟಿ ತಪ್ಪಿಸುತ್ತದೆ.